ಸಿಂಕ್ ಮಾರ್ಕ್ ರಿಜೆಕ್ಷನ್: ಸರಿಯಾದ ಸೆಟ್ಟಿಂಗ್ ಹುಡುಕುವ ಬಗೆ

ಪ್ರಶ್ನೆ: ಮೈಸೂರಿನ ಹೆಬ್ಬಾಳ ಕೈಗಾರಿಕಾ ಪ್ರದೇಶದಲ್ಲಿ ಕರಗಿದ ಪ್ಲಾಸ್ಟಿಕ್ಕನ್ನು ಅಚ್ಚಿಗೆ ಒತ್ತಿ ತುಂಬುವ ನಮ್ಮದೊಂದು ಸಣ್ಣ ಇಂಜೆಕ್ಷನ್ ಮೋಲ್ಡಿಂಗ್ ಘಟಕವಿದೆ. ಪಾಲಿಪ್ರೊಪಿಲೀನ್ ಮುಚ್ಚಳಗಳನ್ನು ಮಾಡುತ್ತೇವೆ. ಹಿಂಬದಿಯಲ್ಲಿ ರಿಬ್ (ಬಲಕ್ಕಾಗಿ ಇಟ್ಟ ಉಬ್ಬುಪಟ್ಟಿ) ಇರುವ ಕಡೆ ಮೇಲ್ಮೈ ಕುಸಿದು ಸಿಂಕ್ ಮಾರ್ಕ್ ಬೀಳುವುದರಿಂದ ನೂರಕ್ಕೆ ಎಂಟರಷ್ಟು ಮಾಲು ರಿಜೆಕ್ಟ್ ಆಗುತ್ತಿದೆ. ಟೆಂಪರೇಚರ್ ಏರಿಸಿದೆವು, ಪ್ರಯೋಜನ ಕಾಣಲಿಲ್ಲ. ಪ್ರೆಷರ್ ಏರಿಸಿದರೆ ಒಂದು ದಿನ ಇಳಿಯುತ್ತದೆ, ಮರುದಿನ ಮತ್ತೆ ಅಷ್ಟೇ. ಪ್ರತಿ ಶಿಫ್ಟಿನವರೂ ತಮ್ಮದೇ ಸೆಟ್ಟಿಂಗ್ ಇಡುತ್ತಾರೆ. ಏನು ಮಾಡಬೇಕು?

ಉತ್ತರ: ಮೊದಲು ಆ "ಒಂದು ದಿನ ಇಳಿಯುತ್ತದೆ" ಎಂಬುದನ್ನೇ ನೋಡೋಣ. ನೂರಕ್ಕೆ ಎಂಟು ಕೆಡುವ ಮೆಷಿನ್‌ನಲ್ಲಿ ಏನನ್ನೂ ಮುಟ್ಟದೆ ನೂರು ನೂರು ಪೀಸ್ ತೆಗೆದು ಎಣಿಸಿದರೂ, ಕೆಟ್ಟವು ಒಮ್ಮೆ 3, ಇನ್ನೊಮ್ಮೆ 13 ಬರುವುದು ಸಹಜ. ಎಂಟು ಐದಕ್ಕೆ ಇಳಿದಿದೆಯೇ ಎಂದು ಕೇವಲ ಎಣಿಕೆಯಿಂದ ನಂಬಿಕೆಯಾಗಿ ಹೇಳಲು ಪ್ರತಿ ಸೆಟ್ಟಿಂಗಿಗೂ ಸುಮಾರು ಸಾವಿರ ಪೀಸ್ ಬೇಕು. ಆದ್ದರಿಂದ ಪಾಸು, ಫೇಲು ಎಣಿಸುವುದನ್ನು ಬಿಟ್ಟು, ಡಯಲ್ ಗೇಜ್‌ನಿಂದ ಕುಸಿತದ ಆಳವನ್ನೇ ಅಳೆಯಿರಿ. ಆಗ ಪ್ರತಿ ಸೆಟ್ಟಿಂಗಿಗೆ ಹತ್ತು ಪೀಸ್ ಬಹುಮಟ್ಟಿಗೆ ಸಾಕಾಗುತ್ತದೆ.

ಎರಡನೆಯದಾಗಿ, ಟೆಂಪರೇಚರನ್ನೂ ಹೋಲ್ಡಿಂಗ್ ಪ್ರೆಷರನ್ನೂ (ಅಚ್ಚು ತುಂಬಿದ ಮೇಲೂ ಪ್ಲಾಸ್ಟಿಕ್ಕನ್ನು ಒತ್ತಿ ಹಿಡಿಯುವ ಒತ್ತಡ) ಬೇರೆಬೇರೆಯಾಗಿ ಪರೀಕ್ಷಿಸಬೇಡಿ. ಈಗಿನ ಸೆಟ್ಟಿಂಗ್ 220 ಡಿಗ್ರಿ, 45 ಬಾರ್ ಎಂದಿಟ್ಟುಕೊಳ್ಳಿ. ಅದರ ಸುತ್ತ 215 ಮತ್ತು 225 ಡಿಗ್ರಿ, 40 ಮತ್ತು 50 ಬಾರ್ ಸೇರಿಸಿ ನಾಲ್ಕು ಜೋಡಿ ಮಾಡಿ. 215ರಲ್ಲಿ 40 ಬಾರ್‌ಗೆ ಆಳ 0.14 ಮಿಲಿಮೀಟರ್, 50 ಬಾರ್‌ಗೆ 0.11, 225ರಲ್ಲಿ 40 ಬಾರ್‌ಗೆ 0.13, 50 ಬಾರ್‌ಗೆ 0.05 ಬಂದಿತೆನ್ನೋಣ. ಕಡಿಮೆ ಪ್ರೆಷರ್‌ನಲ್ಲಿ ಬಿಸಿ ಏರಿಸಿದವರಿಗೆ ಸಿಕ್ಕಿದ್ದು 0.01 ಮಾತ್ರ, ಎರಡನ್ನೂ ಒಟ್ಟಿಗೆ ಏರಿಸಿದಾಗ ಸಿಕ್ಕಿದ್ದು 0.09. ಬಿಸಿ ಹೆಚ್ಚಿದಂತೆ ಕರಗಿದ ಪ್ಲಾಸ್ಟಿಕ್ ಸಲೀಸಾಗಿ ಹರಿದು ಪ್ರೆಷರನ್ನು ಅಚ್ಚಿನ ಒಳಮೂಲೆಯವರೆಗೆ ಮುಟ್ಟಿಸುತ್ತದೆ, ಆದರೆ ತಣಿಯುವಾಗ ಹೆಚ್ಚು ಕುಗ್ಗುತ್ತದೆ. ಆ ಕುಗ್ಗಿದ ಜಾಗವನ್ನು ತುಂಬುವಷ್ಟು ಪ್ರೆಷರ್ ಇಲ್ಲದಿದ್ದರೆ ಏರಿಸಿದ ಬಿಸಿ ವ್ಯರ್ಥ. ನಿಮ್ಮ ಘಟಕದಲ್ಲಿ ಟೆಂಪರೇಚರ್ "ಪ್ರಯೋಜನವಿಲ್ಲ" ಎನಿಸಿಕೊಂಡದ್ದು ಹೀಗೆಯೇ ಇರಬಹುದು.

ಮುಂದಿನ ಹೆಜ್ಜೆ ಎತ್ತ ಎಂಬುದನ್ನೂ ಈ ನಾಲ್ಕು ಅಂಕಿಗಳೇ ಹೇಳುತ್ತವೆ. ಸರಾಸರಿಯಲ್ಲಿ ಪ್ರೆಷರ್ ಏರಿಕೆಯಿಂದ ಆಳ 0.055, ಟೆಂಪರೇಚರ್ ಏರಿಕೆಯಿಂದ 0.035 ಇಳಿದಿದೆ. ಆದ್ದರಿಂದ 220ಕ್ಕೆ 45ರಿಂದ ಹೊರಟು, ಇದೇ ಅನುಪಾತದಲ್ಲಿ, ಪ್ರೆಷರನ್ನು 5 ಬಾರ್ ಏರಿಸಿದಾಗಲೆಲ್ಲ ಟೆಂಪರೇಚರನ್ನು ಸುಮಾರು 3 ಡಿಗ್ರಿ ಏರಿಸಿ: 223ಕ್ಕೆ 50, 226ಕ್ಕೆ 55, ಹೀಗೆ. ಆಳ ಇಳಿಯುವುದು ನಿಂತಾಗ, ಅಥವಾ ಅಂಚಿನಲ್ಲಿ ಫ್ಲ್ಯಾಷ್ (ಅಚ್ಚಿನ ಸಂದಿಯಿಂದ ಹೊರಬಂದ ತೆಳು ಪ್ಲಾಸ್ಟಿಕ್) ಕಾಣಿಸಿಕೊಂಡಾಗ, ಒಂದು ಹೆಜ್ಜೆ ಹಿಂದೆ ಬಂದು ಅಲ್ಲಿ ಹೊಸದಾಗಿ ನಾಲ್ಕು ಜೋಡಿ ಮಾಡಿ. ಈ ಕ್ರಮವನ್ನು ಸಂಖ್ಯಾಶಾಸ್ತ್ರಜ್ಞ ಜಾರ್ಜ್ ಬಾಕ್ಸ್ ಮತ್ತು ಕೆ.ಬಿ. ವಿಲ್ಸನ್ 1951ರಲ್ಲಿ ರಾಸಾಯನಿಕ ಕಾರ್ಖಾನೆಗಳ ಕೆಲಸಕ್ಕಾಗಿ ರೂಪಿಸಿದರು. ಮಾರಾಟದ ಮಾಲು ತಯಾರಾಗುತ್ತಿರುವಾಗಲೇ ಸಣ್ಣ ಬದಲಾವಣೆಗಳಿಂದ ಇದನ್ನು ನಡೆಸುವ ದಾರಿಯನ್ನು ಬಾಕ್ಸ್ 1957ರಲ್ಲಿ ತೋರಿಸಿದರು. ಉತ್ಪಾದನೆ ನಿಲ್ಲಿಸಲಾಗದ ನಿಮ್ಮಂಥ ಘಟಕಕ್ಕೆ ಹೊಂದುವುದು ಇದೇ.

ಇಷ್ಟೆಲ್ಲ ಲೆಕ್ಕವೂ ನಿಲ್ಲುವುದು ಶಿಸ್ತಿನ ಮೇಲೆ. ಪ್ರೆಷರ್ ಬದಲಾವಣೆ ಕೆಲವೇ ಶಾಟ್‌ಗಳಲ್ಲಿ (ಒಂದು ಸಲ ಅಚ್ಚು ತುಂಬಿದರೆ ಒಂದು ಶಾಟ್) ನೆಲೆಗೊಳ್ಳುತ್ತದೆ, ಪ್ಲಾಸ್ಟಿಕ್ ಕರಗಿಸುವ ಕೊಳವೆಯಾದ ಬ್ಯಾರಲ್‌ನ ಬಿಸಿ ಹಾಗಲ್ಲ. ಅದು ಸ್ಥಿರವಾಗುವವರೆಗಿನ ಶಾಟ್‌ಗಳನ್ನು ಅಳತೆಗೆ ತೆಗೆದುಕೊಳ್ಳಬೇಡಿ. ಕರೆಂಟ್ ಹೋಗಿ ಬಂದರೂ ಹಾಗೆಯೇ ಕಾಯಬೇಕು. ಪ್ಲಾಸ್ಟಿಕ್ ಹರಳು ಒಂದೇ ಲಾಟಿನದಾಗಿರಲಿ, ರೀಗ್ರೈಂಡ್ (ಪುಡಿ ಮಾಡಿದ ಉಳಿಕೆ ಪ್ಲಾಸ್ಟಿಕ್) ಬೆರೆಸುವ ಪ್ರಮಾಣ ಬದಲಾಗದಿರಲಿ. ಪ್ರತಿ ಸುತ್ತಿನ ಆರಂಭದಲ್ಲಿ ಒಮ್ಮೆ, ಕೊನೆಯಲ್ಲಿ ಒಮ್ಮೆ ಹಳೆಯ 220ಕ್ಕೆ 45 ಸೆಟ್ಟಿಂಗನ್ನೇ ಇಟ್ಟು ಅಳೆಯಿರಿ; ಆ ಎರಡು ಅಳತೆ ಹೊಂದದಿದ್ದರೆ ನಡುವೆ ಬೇರೇನೋ ಬದಲಾಗಿದೆ, ಆ ಸುತ್ತನ್ನು ನಂಬಬೇಡಿ. ಮರುದಿನ ಅದೇ ಜೋಡಿಗಳನ್ನು ತಿರುವುಮುರುವಾದ ಕ್ರಮದಲ್ಲಿ ಪುನಃ ಮಾಡಿ. ಈ ಅವಧಿಯಲ್ಲಿ ಶಿಫ್ಟಿನವರು ಸ್ವಂತವಾಗಿ ಸೆಟ್ಟಿಂಗ್ ಮುಟ್ಟುವಂತಿಲ್ಲ. ಆದರೆ ಅವರನ್ನು ಹೊರಗಿಡದೆ ಅಳತೆಯನ್ನು ಅವರ ಕೈಯಲ್ಲೇ ಮಾಡಿಸಿ, ಲಾಗ್ ಪುಸ್ತಕದಲ್ಲಿ ಅವರೇ ಬರೆಯಲಿ.

ಎರಡು ಮೂರು ಸುತ್ತು ನಡೆದರೂ ಫ್ಲ್ಯಾಷ್ ಬರುವ ಮೊದಲು ಸಿಂಕ್ ಮಾರ್ಕ್ ಹೋಗದಿದ್ದರೆ ಹೋಲ್ಡಿಂಗ್ ಟೈಮನ್ನು ಸೇರಿಸಿ ನೋಡಿ. ಅದಕ್ಕೂ ಬಗ್ಗದಿದ್ದರೆ ದೋಷ ಸೆಟ್ಟಿಂಗ್‌ನಲ್ಲಿ ಇಲ್ಲದಿರಬಹುದು. ರಿಬ್‌ನ ದಪ್ಪ ಮುಚ್ಚಳದ ಗೋಡೆಯ ದಪ್ಪದ ಅರ್ಧಕ್ಕಿಂತ ಬಹಳ ಹೆಚ್ಚಿದೆಯೇ, ಆ ಭಾಗದ ಕೂಲಿಂಗ್ ನೀರಿನ ದಾರಿ ಕಟ್ಟಿಕೊಂಡಿದೆಯೇ ಎಂದು ಅಚ್ಚು ಬಿಚ್ಚಿ ಟೂಲ್ ರೂಮಿನವರಿಂದ ನೋಡಿಸಿ.