ಒಂಟಿ ಟರ್ಬೋ, ಜೋಡಿ ಟರ್ಬೋ: ಚಿತ್ರದುರ್ಗದ ಲೇಖಕರೊಬ್ಬರಿಗೆ ಉತ್ತರ

ಆತ್ಮೀಯರೇ,

ಸ್ಪೋರ್ಟ್ಸ್ ಕಾರಿಗೆ ಒಂದು ಟರ್ಬೋ (ಹೊಗೆಯ ಬಲದಿಂದ ಚಕ್ರ ತಿರುಗಿಸಿ ಎಂಜಿನ್ನಿಗೆ ಗಾಳಿಯನ್ನು ಒತ್ತಿ ತುಂಬುವ ಸಾಧನ) ಇರುವ ಕಿಟ್ ಹಾಕಿಸುವುದೋ ಎರಡಿರುವುದನ್ನು ಹಾಕಿಸುವುದೋ ಎಂಬ ವಿಷಯದ ಮೇಲೆ ನೀವು ಚಿತ್ರದುರ್ಗದಿಂದ ಕಳುಹಿಸಿದ ಲೇಖನವನ್ನು ಇಲ್ಲಿ ದಾವಣಗೆರೆಯಲ್ಲಿ ಕುಳಿತು ಎರಡು ಸಲ ಓದಿದೆ. ಈಗಿರುವ ರೂಪದಲ್ಲಿ ಅದನ್ನು ಪ್ರಕಟಿಸಲು ಆಗುವುದಿಲ್ಲ. ಆದರೆ ಒಂಬತ್ತನೆಯ ಪುಟದ ಒಂದು ಪ್ಯಾರಾ ನನ್ನನ್ನು ಹಿಡಿದು ನಿಲ್ಲಿಸಿದ್ದರಿಂದ, ಎರಡು ಸಾಲಿನ ವಿಷಾದಪತ್ರದ ಬದಲು ಈ ಪತ್ರವನ್ನು ಬರೆಯುತ್ತಿದ್ದೇನೆ.

ಮೊದಲು ತಪ್ಪುಗಳನ್ನು ಹೇಳಿಬಿಡುತ್ತೇನೆ. "ಎರಡು ಟರ್ಬೋ ಎಂದರೆ ಇಮ್ಮಡಿ ಒತ್ತಡ" ಎಂದು ಬರೆದಿದ್ದೀರಿ. ಹಾಗಾಗುವುದಿಲ್ಲ. 1989ರ ನಿಸಾನ್ ಸ್ಕೈಲೈನ್ ಜಿಟಿ-ಆರ್ ಕಾರಿನ 2.6 ಲೀಟರ್ ಎಂಜಿನ್ನಿನಲ್ಲಿ ಆರು ಸಿಲಿಂಡರ್‌ಗಳ ಪೈಕಿ ಮೂರರ ಹೊಗೆ ಒಂದು ಟರ್ಬೋಗೂ ಉಳಿದ ಮೂರರದ್ದು ಇನ್ನೊಂದಕ್ಕೂ ಹೋಗುತ್ತದೆ. ಎರಡೂ ಒತ್ತಿದ ಗಾಳಿ ಕೊನೆಗೆ ಒಂದೇ ಕೊಳವೆಯಲ್ಲಿ ಕೂಡುತ್ತದೆ. ಅಲ್ಲಿ ಹಂಚಿಕೆಯಾಗುವುದು ಗಾಳಿಯ ಪ್ರಮಾಣವೇ ಹೊರತು ಒತ್ತಡವಲ್ಲ. ಎರಡು ಬೋರ್‌ವೆಲ್‌ಗಳ ನೀರನ್ನು ಒಂದೇ ತೊಟ್ಟಿಗೆ ಬಿಟ್ಟರೆ ತೊಟ್ಟಿ ಬೇಗ ತುಂಬುತ್ತದೆ, ಅದರ ಗೋಡೆಯ ಎತ್ತರ ಹೆಚ್ಚುವುದಿಲ್ಲ. 1993ರ ಟೊಯೊಟಾ ಸುಪ್ರಾವನ್ನೂ ನೀವು ಇದೇ ಗುಂಪಿಗೆ ಸೇರಿಸಿದ್ದೀರಿ. ಆದರೆ ಅದರ ಎರಡು ಟರ್ಬೋಗಳು ಸರದಿಯಲ್ಲಿ ಕೆಲಸ ಮಾಡುತ್ತವೆ, ಮೊದಲನೆಯದು ಕೆಳಗಿನ ವೇಗದಲ್ಲಿ ಎಂಜಿನ್ನನ್ನು ಎತ್ತುತ್ತದೆ, ಎಂಜಿನ್ ನಿಮಿಷಕ್ಕೆ ಸುಮಾರು 4000 ಸುತ್ತು (ಆರ್‌ಪಿಎಂ) ತಿರುಗುವ ಹೊತ್ತಿಗೆ ಎರಡನೆಯದು ಪೂರ್ತಿಯಾಗಿ ಕೂಡಿಕೊಳ್ಳುತ್ತದೆ. ಈ ಎರಡು ಜೋಡಣೆಗಳ ವ್ಯತ್ಯಾಸವನ್ನು ಹೇಳದೆ "ಜೋಡಿ ಟರ್ಬೋ" ಎಂಬ ಒಂದೇ ಹೆಸರಿನಲ್ಲಿ ಮುಂದುವರಿದರೆ ಓದುಗರಿಗೆ ಆಯ್ಕೆಯೇ ಅರ್ಥವಾಗುವುದಿಲ್ಲ.

ಟ್ವಿನ್ ಸ್ಕ್ರೋಲ್ ಎಂಬುದನ್ನೂ ನೀವು ಎರಡು ಟರ್ಬೋ ಎಂದೇ ತಿಳಿದಿದ್ದೀರಿ. ಈ ಗೊಂದಲಕ್ಕೆ ನಿಮ್ಮೊಬ್ಬರನ್ನೇ ದೂರಲಾರೆ. ಬಿಎಂಡಬ್ಲ್ಯು ಕಂಪನಿ 2006ರಲ್ಲಿ ತನ್ನ 3 ಲೀಟರ್ ಎಂಜಿನ್ನಿಗೆ ಎರಡು ಪುಟ್ಟ ಟರ್ಬೋಗಳನ್ನು ಕೂರಿಸಿತ್ತು; 2009ರಲ್ಲಿ ಅವನ್ನು ಬಿಟ್ಟು ಒಂದೇ ಟ್ವಿನ್ ಸ್ಕ್ರೋಲ್ ಟರ್ಬೋಗೆ ಬಂದಿತು, ಆದರೂ ಅದನ್ನು "ಟ್ವಿನ್‌ಪವರ್ ಟರ್ಬೋ" ಎಂದು ಕರೆಯಿತು. ಅದರಲ್ಲಿ ಚಕ್ರ ಒಂದೇ, ಹೊಗೆ ಬರುವ ದಾರಿಗಳು ಮಾತ್ರ ಎರಡು. ಒಂದು ಸಿಲಿಂಡರಿನ ಹೊಗೆಯ ಬಡಿತ ಇನ್ನೊಂದರದ್ದಕ್ಕೆ ಅಡ್ಡಬರದಂತೆ ಅವನ್ನು ಬೇರೆ ಮಾಡಿರುತ್ತಾರೆ. ಎರಡರಿಂದ ಒಂದಕ್ಕೆ ಬಂದ ಈ ಒಂದು ಸಂಗತಿಯೇ ನಿಮ್ಮ ಲೇಖನದ ನಡುಗಂಬವಾಗಬಹುದಿತ್ತು, ಅದನ್ನು ನೀವು ಬಳಸಿಕೊಂಡೇ ಇಲ್ಲ.

ಟರ್ಬೋವನ್ನು ನಿಮ್ಮೂರ ಜೋಗಿಮಟ್ಟಿ ಬೆಟ್ಟದ ಗಾಳಿಯಂತ್ರಗಳಿಗೆ ಹೋಲಿಸಿರುವುದು ಚೆನ್ನಾಗಿದೆ, ಊರಿನವರಿಗೆ ತಟ್ಟನೆ ಕಣ್ಣಿಗೆ ಕಟ್ಟುತ್ತದೆ. ಆದರೆ ಅದರಿಂದ ಟರ್ಬೋ ಪುಕ್ಕಟೆ ಶಕ್ತಿ ಕೊಡುತ್ತದೆ ಎಂಬ ತೀರ್ಮಾನಕ್ಕೆ ಬಂದಿರುವುದು ಸರಿಯಲ್ಲ. ಬೆಟ್ಟದ ಗಾಳಿಯನ್ನು ಯಾರೂ ತಳ್ಳಬೇಕಾಗಿಲ್ಲ; ಎಂಜಿನ್ನಿನ ಹೊಗೆಯನ್ನು ಪಿಸ್ಟನ್ನೇ ತಳ್ಳಬೇಕು, ಮುಂದೆ ಚಕ್ರ ಅಡ್ಡ ನಿಂತಷ್ಟೂ ತಳ್ಳುವ ಶ್ರಮ ಹೆಚ್ಚುತ್ತದೆ. ಅದೇ ಹೋಲಿಕೆಯನ್ನು ಲ್ಯಾಗ್, ಅಂದರೆ ಆಕ್ಸಿಲರೇಟರ್ ಒತ್ತಿದ ಮೇಲೆ ಟರ್ಬೋ ಏಳಲು ಹಿಡಿಯುವ ತಡ, ವಿವರಿಸಲು ಬಳಸಿ. ದೊಡ್ಡ ಚಕ್ರ ಏಕೆ ತಡವಾಗಿ ಏಳುತ್ತದೆ ಎಂಬುದಕ್ಕೆ ಸರಳ ಲೆಕ್ಕವಿದೆ: ಒಂದೇ ಆಕಾರದ ಚಕ್ರಗಳಲ್ಲಿ ಜಡತ್ವವು (ವೇಗ ಬದಲಿಸಲು ಚಕ್ರ ಒಡ್ಡುವ ಅಡ್ಡಿ) ವ್ಯಾಸದ ಐದನೆಯ ಘಾತದಂತೆ ಏರುತ್ತದೆ. ಅರ್ಧದಷ್ಟು ಹೊಗೆಗೆ ಸಾಲುವ ಚಕ್ರದ ವ್ಯಾಸ ದೊಡ್ಡದರ ಹತ್ತರಲ್ಲಿ ಏಳು ಪಾಲಿನಷ್ಟಿರುತ್ತದೆ ಎಂದುಕೊಂಡರೆ, ಅದರ ಜಡತ್ವ ಸುಮಾರು ಆರರಲ್ಲಿ ಒಂದು ಪಾಲಿಗೆ ಇಳಿಯುತ್ತದೆ. ಎರಡನ್ನೂ ಕೂಡಿದರೂ ಮೂರರಲ್ಲಿ ಒಂದು ಪಾಲಿನ ಆಸುಪಾಸಿನಲ್ಲೇ ಉಳಿಯುತ್ತದೆ. ಜೋಡಿ ಟರ್ಬೋದ ಪರವಾಗಿ ಇರುವ ನಿಜವಾದ ವಾದ ಇದು, ಮತ್ತು ನಿಮ್ಮ ಲೇಖನದಲ್ಲಿ ಇಲ್ಲದಿರುವುದೂ ಇದೇ.

"ಅವರವರ ಅಗತ್ಯಕ್ಕೆ ತಕ್ಕಂತೆ ಆರಿಸಿಕೊಳ್ಳಬೇಕು" ಎಂದು ಮುಗಿಸಿದ್ದೀರಿ. ಇಷ್ಟು ಪುಟ ಓದಿದವನಿಗೆ ಇದು ಸಾಲದು. ನನ್ನ ಅಭಿಪ್ರಾಯ ಹೀಗಿದೆ: ಸಿಲಿಂಡರ್‌ಗಳು ಒಂದೇ ಸಾಲಿನಲ್ಲಿರುವ ಎಂಜಿನ್ನಿಗೆ ಹೊರಗಿನಿಂದ ಕಿಟ್ ಹಾಕಿಸುವವರಿಗೆ ಸರಿಯಾದ ಅಳತೆಯ ಒಂದೇ ಟರ್ಬೋ ಸಾಕು, ಏಕೆಂದರೆ ಎಣ್ಣೆಯ ಪೈಪು, ನೀರಿನ ಪೈಪು, ಗ್ಯಾಸ್ಕೆಟ್ಟು, ಸೋರುವ ಜಾಗ ಎಲ್ಲವೂ ಅರ್ಧಕ್ಕೆ ಇಳಿಯುತ್ತವೆ. ವಿ ಆಕಾರದ ಎಂಜಿನ್ನಿನಲ್ಲಿ ಹೊಗೆ ಎರಡು ಬದಿಗಳಿಂದ ಬರುವುದರಿಂದ ಬದಿಗೊಂದರಂತೆ ಎರಡು ಇಡುವುದೇ ಸಹಜ. ನೀವು ಒಪ್ಪದಿರಬಹುದು, ಒಪ್ಪದಿದ್ದರೆ ಕಾರಣ ಕೊಟ್ಟು ಬರೆಯಿರಿ, ಸಂತೋಷದಿಂದ ಅಚ್ಚು ಹಾಕುತ್ತೇನೆ.

ಭಾಷೆಯ ಬಗ್ಗೆ ಒಂದೇ ಮಾತು. "ಟರ್ಬೋಚಾರ್ಜರ್ ಒಂದು ಬಲವಂತದ ಪ್ರೇರಣಾ ಸಾಧನವಾಗಿದೆ" ಎಂಬ ವಾಕ್ಯವನ್ನು ನಿಮ್ಮ ಗ್ಯಾರೇಜಿನಲ್ಲಿ ಯಾರಾದರೂ ಆಡುತ್ತಾರೆಯೇ? ಎಂಜಿನ್ನಿಗೆ ಗಾಳಿಯನ್ನು ಒತ್ತಿ ತುಂಬುತ್ತದೆ ಎಂದರೆ ಸಾಕು.

ಈಗ ಒಂಬತ್ತನೆಯ ಪುಟಕ್ಕೆ ಬರುತ್ತೇನೆ. ಹೆದ್ದಾರಿ ಪಕ್ಕದ ಗ್ಯಾರೇಜಿನಲ್ಲಿ ಲಾರಿಯಿಂದ ಬಿಚ್ಚಿದ ಟರ್ಬೋವನ್ನು ಹಿರಿಯ ಮೆಕ್ಯಾನಿಕ್ ನಿಮ್ಮ ಕೈಗೆ ಕೊಟ್ಟು, ಶಾಫ್ಟಿನ ತುದಿಯನ್ನು ಹೆಬ್ಬೆರಳು ತೋರುಬೆರಳಲ್ಲಿ ಹಿಡಿದು ಅಲ್ಲಾಡಿಸಲು ಹೇಳಿದ್ದನ್ನು ಬರೆದಿದ್ದೀರಿ. "ಪಕ್ಕಕ್ಕೆ ಕೊಂಚ ಆಡಿದರೆ ಹೆದರಬೇಡ, ಅಲ್ಲಿ ಎಣ್ಣೆಯ ಪದರ ನಿಲ್ಲಲು ಜಾಗ ಬೇಕು. ಹಿಂದೆ ಮುಂದೆ ಎಳೆದಾಗ ಕಟಕ್ ಎಂದರೆ ಅದರ ಕಥೆ ಮುಗಿಯಿತು" ಎಂದು ಅವರು ಹೇಳಿದ ಮಾತು, ಬೆರಳಿಗೆ ಅಂಟಿದ ಕಪ್ಪು ಕಿಟ್ಟ, ಚಕ್ರದ ರೆಕ್ಕೆ ಒಳಗೋಡೆಗೆ ಉಜ್ಜಿದ ಗೆರೆ, ಇವೆಲ್ಲ ಅಲ್ಲಿ ಜೀವಂತವಾಗಿವೆ. ದಾರಿಯುದ್ದಕ್ಕೂ ಎಳೆದು ಬಂದ ಲಾರಿಯನ್ನು ನಿಲ್ಲಿಸಿದ ಚಾಲಕರು ಒಂದೆರಡು ನಿಮಿಷ ಎಂಜಿನ್ ಆಫ್ ಮಾಡದೆ ಬಿಡುವುದೇಕೆಂದು ನೀವು ಅಲ್ಲಿಯೇ ಹೇಳಬಹುದಿತ್ತು: ನಿಮಿಷಕ್ಕೆ ಲಕ್ಷಕ್ಕೂ ಮೀರಿ ಸುತ್ತಬಲ್ಲ ಆ ಶಾಫ್ಟಿಗೆ ಎಣ್ಣೆಯ ಹರಿವು ಒಮ್ಮೆಲೇ ನಿಂತರೆ, ನಿಂತ ಎಣ್ಣೆ ಕಾವಿಗೆ ಸುಟ್ಟು ಗಟ್ಟಿಯಾಗುತ್ತದೆ. ನಮ್ಮ ಓದುಗರಿಗೆ ಟರ್ಬೋ ಪರಿಚಯವಾದದ್ದು ಲಾರಿಯಿಂದ, ಸುಪ್ರಾದಿಂದಲ್ಲ. ಲೇಖನ ಈ ಗ್ಯಾರೇಜಿನಿಂದಲೇ ಆರಂಭವಾಗಲಿ, ಕಾರುಗಳು ಆಮೇಲೆ ಬರಲಿ.

ಸೇರಿಸಬೇಕಾದದ್ದು ಇನ್ನೆರಡಿವೆ. ಸಮುದ್ರಮಟ್ಟದಿಂದ ಸುಮಾರು 700 ಮೀಟರ್ ಎತ್ತರದ ನಿಮ್ಮ ಊರಿನಲ್ಲಿ ಗಾಳಿಯ ಒತ್ತಡ ಶೇಕಡ 8ರಷ್ಟು ಕಡಿಮೆ. ಅದೇ ಬೂಸ್ಟ್ (ಟರ್ಬೋ ಒತ್ತಿ ಕೊಡುವ ಒತ್ತಡ) ಬೇಕೆಂದರೆ ಚಕ್ರ ಇನ್ನಷ್ಟು ಜೋರಾಗಿ ತಿರುಗಬೇಕು, ಬೇಸಿಗೆಯಲ್ಲಿ ಗಾಳಿ ಇನ್ನೂ ಕಾಯುತ್ತದೆ, ಹಾಗಾಗಿ ಒತ್ತಿದ ಗಾಳಿಯನ್ನು ತಂಪು ಮಾಡುವ ಇಂಟರ್‌ಕೂಲರ್ ಬಗ್ಗೆ ಒಂದು ಪುಟವಾದರೂ ಬೇಕು. ಎರಡನೆಯದಾಗಿ, ನೋಂದಣಿಯಲ್ಲಿರುವ ವಿವರಕ್ಕೆ ಹೊಂದದಂತೆ ವಾಹನವನ್ನು ಬದಲಿಸುವುದನ್ನು 1988ರ ಮೋಟಾರು ವಾಹನ ಕಾಯ್ದೆಯ 52ನೆಯ ಕಲಂ ನಿರ್ಬಂಧಿಸುತ್ತದೆ. ಇದನ್ನು ಹೇಳದೆ ಕಿಟ್ ಹಾಕಿಸಿ ಎಂದು ಬರೆಯುವುದನ್ನು ನಾನು ಒಪ್ಪಲಾರೆ.

ತಿದ್ದಿದ ಪ್ರತಿಯನ್ನು ಆರೇಳು ಪುಟಗಳಲ್ಲಿ ಕಳುಹಿಸಿ. ಆ ಟರ್ಬೋ ಇನ್ನೂ ಗ್ಯಾರೇಜಿನಲ್ಲಿದ್ದರೆ, ಉಜ್ಜಿದ ಗೆರೆ ಕಾಣುವಂತೆ ಹಗಲು ಬೆಳಕಿನಲ್ಲಿ ತೆಗೆದ ಒಂದು ಚಿತ್ರವನ್ನೂ ಜೊತೆಗಿಡಿ.

ವಿಶ್ವಾಸದಿಂದ,
ಸಂಪಾದಕ