ನಾಯಿಯಿಲ್ಲದೆ ಕ್ಯಾನ್ಸಸ್‌ನ ಸಾರ್ವಜನಿಕ ಜಾಗದಲ್ಲಿ ಲಾವಕ್ಕಿ, ಫೆಸೆಂಟ್ ಹುಡುಕುವುದು ಹೇಗೆ?

ನಿಮ್ಮ ಪ್ರಶ್ನೆ ಇಷ್ಟು: ಕ್ಯಾನ್ಸಸ್‌ನ ಪೂರ್ವ ಅಂಚಿನ ಊರಾದ ಓವರ್‌ಲ್ಯಾಂಡ್ ಪಾರ್ಕ್‌ನಲ್ಲಿ ವಾಸ, ಬೇಟೆಗೆ ಹೊಸಬರು, ನಾಯಿ ಇಲ್ಲ, ರೈತರ ಪರಿಚಯ ಇಲ್ಲ. ರಾಜ್ಯದ ವನ್ಯಜೀವಿ ಇಲಾಖೆಯ ನಕ್ಷೆಯಲ್ಲಿ ಬಣ್ಣ ಹಚ್ಚಿದ ಜಾಗಗಳಲ್ಲಿ ಎರಡು ಶನಿವಾರ ಇಡೀ ದಿನ ನಡೆದರೂ ಒಂದು ಹಕ್ಕಿ ಏಳಲಿಲ್ಲ. ಸಾರ್ವಜನಿಕ ಜಾಗದಲ್ಲಿ ಲಾವಕ್ಕಿ, ಫೆಸೆಂಟ್ (ಕೋಳಿಯಂಥ, ನೀಳ ಬಾಲದ ಹಕ್ಕಿ) ಉಳಿದೇ ಇಲ್ಲವೇ?

ಉಳಿದಿವೆ. ಆದರೆ ನೂರಾರು ಎಕರೆ ಹುಲ್ಲಿನ ನಟ್ಟನಡುವೆ ನಡೆದರೆ ಕಾಲು ಸೋಲುತ್ತದೆಯೇ ಹೊರತು ಹಕ್ಕಿ ಸಿಗುವುದಿಲ್ಲ. ಎತ್ತರದ ಹುಲ್ಲು, ಕಾಳಿನ ಹೊಲ, ಮುಳ್ಳಿನ ಮೆಳೆ ಈ ಮೂರೂ ಒಂದಕ್ಕೊಂದು ತಾಗುವ ಅಂಚು ಎಲ್ಲಿದೆ, ಆ ಅಂಚಿಗೆ ಹಕ್ಕಿ ಎಷ್ಟು ಹೊತ್ತಿಗೆ ಬರುತ್ತದೆ, ಇವೆರಡನ್ನು ಹಿಡಿದರೆ ದಿನಕ್ಕೆ ನಾಲ್ಕೈದು ಮೈಲಿ ನಡಿಗೆ ಸಾಕು.

ಮೊದಲು ಕಾಗದಪತ್ರ. ನೀವು ಎಚ್-1ಬಿ ಅಥವಾ ಬೇರೆ ತಾತ್ಕಾಲಿಕ ವೀಸಾದಲ್ಲಿದ್ದರೆ ಇದನ್ನು ಎರಡು ಸಲ ಓದಿ: ಅಂಥವರು ಕೋವಿಯನ್ನಾಗಲಿ ತೋಟೆಯನ್ನಾಗಲಿ ಇಟ್ಟುಕೊಳ್ಳುವುದನ್ನು ಅಮೆರಿಕದ ಕೇಂದ್ರ ಕಾನೂನು ನಿಷೇಧಿಸುತ್ತದೆ. ಅಮೆರಿಕದ ರಾಜ್ಯವೊಂದು ಕೊಟ್ಟ, ಅವಧಿ ಮುಗಿಯದ ಬೇಟೆ ಪರವಾನಗಿ ಇದ್ದವರಿಗೆ ವಿನಾಯಿತಿ ಇದೆ. ಹಾಗಾಗಿ ಮೊದಲು ಪರವಾನಗಿ, ಆಮೇಲೆ ಕೋವಿ. ಗೆಳೆಯರ ಕೋವಿ ಕೇಳಿ ಪಡೆಯುವುದಕ್ಕೂ ಇದೇ ಕ್ರಮ. ನಿಮ್ಮ ವಲಸೆ ವಕೀಲರನ್ನು ಒಂದು ಮಾತು ಕೇಳಿಕೊಳ್ಳಿ. ಇಲ್ಲಿ ತಪ್ಪಿದರೆ ದಂಡ ಕಟ್ಟಿ ಮುಗಿಯುವುದಿಲ್ಲ, ವೀಸಾಕ್ಕೇ ಕುತ್ತು. 1957ರ ಜುಲೈ 1ರಂದು ಅಥವಾ ಆಮೇಲೆ ಹುಟ್ಟಿದವರು ಬೇಟೆಗಾರರ ತರಬೇತಿ ಮುಗಿಸಿರಬೇಕು.

ಕ್ಯಾನ್ಸಸ್‌ನಲ್ಲಿ ಹಂಗಾಮು ನವೆಂಬರ್ ಎರಡನೇ ಶನಿವಾರ ಶುರುವಾಗಿ ಜನವರಿ 31ಕ್ಕೆ ಮುಗಿಯುತ್ತದೆ. ದಿನಕ್ಕೆ ಫೆಸೆಂಟ್ 4, ಅದೂ ಹುಂಜ ಮಾತ್ರ, ಹೇಂಟೆ ಹೊಡೆಯುವಂತಿಲ್ಲ. ಲಾವಕ್ಕಿ 8, ಗಂಡು ಹೆಣ್ಣಿನ ಭೇದವಿಲ್ಲ. ಸೂರ್ಯೋದಯಕ್ಕೆ ಅರ್ಧ ಗಂಟೆ ಮೊದಲಿನಿಂದ ಸೂರ್ಯಾಸ್ತದವರೆಗೆ ಸಮಯ. ಹಾಗಿದ್ದರೂ ಆ ಮೊದಲ ಅರ್ಧ ಗಂಟೆ ಫೆಸೆಂಟ್‌ಗೆ ಕೋವಿ ಎತ್ತಬೇಡಿ, ಮಬ್ಬಿನಲ್ಲಿ ಕೊರಳಿನ ಬಿಳಿ ಪಟ್ಟಿ ಕಾಣುವುದಿಲ್ಲ. ಪ್ರತಿ ವರ್ಷದ ನಿಯಮಪುಸ್ತಕ ನೋಡಿಯೇ ಹೊರಡಿ.

ಇನ್ನು ಜಾಗ. ನೀವಿರುವ ಪೂರ್ವ ಅಂಚಿನಲ್ಲಿ ಫೆಸೆಂಟ್ ಇಲ್ಲವೆಂದೇ ತಿಳಿಯಿರಿ. ಫ್ಲಿಂಟ್ ಹಿಲ್ಸ್ ಗುಡ್ಡಸೀಮೆ ನೋಡಲು ಸೊಗಸು, ಆದರೆ ಅಲ್ಲಿ ಬಹುಪಾಲು ಹುಲ್ಲನ್ನು ವಸಂತದಲ್ಲಿ ಸುಟ್ಟು ದನ ಬಿಡುತ್ತಾರೆ, ಗೂಡಿಗೆ ಮರೆ ಉಳಿಯುವುದಿಲ್ಲ. ಐ-70 ಹೆದ್ದಾರಿ ಹಿಡಿದು ಪಶ್ಚಿಮಕ್ಕೆ, ಸಲೈನಾ ಊರು ದಾಟಿ ಸ್ಮೋಕಿ ಹಿಲ್ಸ್ ಗುಡ್ಡಸೀಮೆಯ ಕಡೆ ಹೋಗಿ. ಹೇಸ್ ಊರು ನಿಮ್ಮಲ್ಲಿಂದ ಸುಮಾರು 270 ಮೈಲಿ, ನಾಲ್ಕು ಗಂಟೆ ದಾರಿ. ಎರಡೂ ಹಕ್ಕಿ ಒಂದೇ ದಿನ ಸಿಗುವ ಸೀಮೆ ಅದು. ವಕೋಂಡಾ ಜಲಾಶಯದ ಸುತ್ತ ಇರುವ ಗ್ಲೆನ್ ಎಲ್ಡರ್ ವನ್ಯಜೀವಿ ಪ್ರದೇಶ ಹೊಸಬರಿಗೆ ಒಳ್ಳೆಯ ಆರಂಭ. ನೈಋತ್ಯ ಮೂಲೆಯ ಸಿಮರಾನ್ ರಾಷ್ಟ್ರೀಯ ಹುಲ್ಲುಗಾವಲು ಒಂದು ಲಕ್ಷ ಎಕರೆಗೂ ಹೆಚ್ಚು. ಮಳೆ ಬಿದ್ದ ವರ್ಷ ಲಾವಕ್ಕಿಗೆ ಬಲು ಚೆನ್ನ, ಬರ ಬಂದ ವರ್ಷ ಖಾಲಿ. ಬೇಸಿಗೆಯಲ್ಲಿ ಇಲಾಖೆಯವರು ರಸ್ತೆಬದಿಯಲ್ಲಿ ಮರಿಗಳನ್ನು ಎಣಿಸಿ, ಹಂಗಾಮಿಗೆ ಮೊದಲು ಪ್ರದೇಶವಾರು ಅಂದಾಜು ಪ್ರಕಟಿಸುತ್ತಾರೆ. ಅದನ್ನು ಓದದೆ ಪೆಟ್ರೋಲ್ ಸುಡಬೇಡಿ.

ಈ ರಾಜ್ಯದ ನೆಲ ಬಹುತೇಕ ಖಾಸಗಿ. ಹಾಗಾಗಿ ನಿಮ್ಮ ಮುಖ್ಯ ಆಸರೆ ವಾಕ್-ಇನ್ ಯೋಜನೆ. 1995ರಲ್ಲಿ ಶುರುವಾದ ಇದರಲ್ಲಿ ರೈತರ ಜಮೀನನ್ನು ರಾಜ್ಯ ಗೇಣಿಗೆ ಪಡೆದು ಬೇಟೆಗಾರರಿಗೆ ಬಿಡುತ್ತದೆ. ಈಗ ಹತ್ತು ಲಕ್ಷ ಎಕರೆಗೂ ಮಿಕ್ಕಿದೆ. ಕಾಲ್ನಡಿಗೆಗೆ ಮಾತ್ರ ಅವಕಾಶ, ಗಾಡಿ ಒಳಗೆ ಬಿಡುವಂತಿಲ್ಲ. ನಕ್ಷೆಯನ್ನಷ್ಟೇ ನಂಬದೆ ಗಡಿಯ ಫಲಕವನ್ನೂ ನೋಡಿ. ಪ್ರವೇಶದ ತಾರೀಕು ತುಣುಕಿನಿಂದ ತುಣುಕಿಗೆ ಬದಲಾಗುತ್ತದೆ, ಕೆಲವು ಕಡೆ ಫೋನಿನಲ್ಲಿ ಹಾಜರಿ ಹಾಕಿಯೇ ಒಳಗೆ ಹೋಗಬೇಕು.

ಆ ನಕ್ಷೆಯನ್ನು ಉಪಗ್ರಹ ಚಿತ್ರದ ಪಕ್ಕ ಇಟ್ಟುಕೊಂಡು ಮನೆಯಲ್ಲೇ ಎರಡು ಗಂಟೆ ಕೂರಿ. ಮೊದಲು ಸಿಆರ್‌ಪಿ ಹುಲ್ಲು ಗುರುತಿಸಿ. ರೈತರು ಉಳುಮೆ ಬಿಟ್ಟು ಸರ್ಕಾರದ ಹಣಕ್ಕೆ ಹುಲ್ಲು ಬೆಳೆಸಿದ ಜಾಗ ಅದು. ಸೊಂಟದೆತ್ತರ ನಿಲ್ಲುವ ಈ ಹುಲ್ಲಿನಲ್ಲೇ ಫೆಸೆಂಟ್ ರಾತ್ರಿ ಕಳೆಯುವುದು. ಅದಕ್ಕೆ ತಾಗಿದ ಮೈಲೋ ಹೊಲ ಇದೆಯೇ ನೋಡಿ. ಮೈಲೋ ಅಂದರೆ ಬೇರೇನಲ್ಲ, ನಮ್ಮ ಜೋಳವೇ, ಗಿಡ ಗಿಡ್ಡ, ತೆನೆ ಕೆಂಪು. ಕಟಾವಾದ ಜೋಳದ ಕೂಳೆ, ಪಕ್ಕದಲ್ಲಿ ಹುಲ್ಲು, ನಡುವೆ ಕಾಡು ಪ್ಲಮ್ಮಿನ ಮೆಳೆ ಅಥವಾ ಹಳ್ಳ ಕಂಡರೆ ಗುರುತು ಹಾಕಿ. ಅಂಥ ಐದಾರು ಜಾಗ ಕೈಯಲ್ಲಿರಲಿ. ಯಾಕೆಂದರೆ ಚಿತ್ರ ಹಳೆಯದಿರುತ್ತದೆ, ಬರಗಾಲದಲ್ಲಿ ಸಿಆರ್‌ಪಿ ಹುಲ್ಲನ್ನೂ ಮೇವಿಗೆ ಕೊಯ್ಯಲು ಅನುಮತಿ ಸಿಗುತ್ತದೆ. ಹೋಗಿ ನೋಡಿದರೆ ಹುಲ್ಲಿನ ಜಾಗದಲ್ಲಿ ಸುರುಳಿ ಸುತ್ತಿದ ಮೇವಿನ ಉಂಡೆಗಳು ಕೂತಿರುತ್ತವೆ. ಸಾಧ್ಯವಾದರೆ ಹಿಂದಿನ ಸಂಜೆಯೇ ತಲುಪಿ, ಕೊನೆಯ ಅರ್ಧ ಗಂಟೆ ಕಾರಿನೊಳಗೇ ಕೂತು ಹುಲ್ಲಿನ ಮೇಲೆ ಕಣ್ಣಿಡಿ. ಹುಂಜಗಳು ಕಾಳಿನ ಹೊಲದಿಂದ ಹಾರಿ ಎಲ್ಲಿ ಇಳಿಯುತ್ತವೆ ಎಂಬುದು ನಕ್ಷೆ ಹೇಳದ ವಿಷಯ.

ದಿನದ ಓಡಾಟ ಹೀಗೆ: ಬಿಸಿಲೇರುತ್ತಿದ್ದಂತೆ ಹುಲ್ಲಿನಿಂದ ಕೂಳೆಗೆ, ಹತ್ತು ಗಂಟೆಯ ಹೊತ್ತಿಗೆ ಬೇಲಿಸಾಲು, ಹಳ್ಳ, ಮೆಳೆಗಳ ಮರೆಗೆ, ಮಧ್ಯಾಹ್ನ ಮೂರರ ನಂತರ ಮತ್ತೆ ಕಾಳಿಗೆ, ಸಂಜೆ ಹುಲ್ಲಿಗೆ. ನೀವು ಎರಡು ಶನಿವಾರ ಸೋತಿದ್ದು ಬಹುಶಃ ಇಲ್ಲಿಯೇ. ಬೆಳಗ್ಗೆ ಒಂಬತ್ತಕ್ಕೆ ಹುಲ್ಲಿನ ನಡುವೆ ನಡೆದರೆ ಹಕ್ಕಿ ಆಗಲೇ ಹೊಲದಲ್ಲಿರುತ್ತದೆ. ಹಿಮ ಬಿದ್ದು ಗಾಳಿ ಬೀಸುವ ದಿನ ಮಾತ್ರ ಈ ಲೆಕ್ಕ ತಪ್ಪುತ್ತದೆ, ಆಗ ಆಪು ಹುಲ್ಲು ಬೆಳೆದ ಜೌಗು ಮತ್ತು ಮರಗಳ ಗಾಳಿತಡೆಯೊಳಗೆ ಹುಡುಕಿ.

ಫೆಸೆಂಟ್ ಹಾರುವುದಕ್ಕಿಂತ ಓಡುವುದೇ ಹೆಚ್ಚು. ಕಾರಿನ ಬಾಗಿಲು ದಬಾರನೆ ಹಾಕಿದರೆ ಅಲ್ಲಿಗೇ ಕಥೆ ಮುಗಿಯಿತು; ಬಾಗಿಲನ್ನು ಒತ್ತಿ ಮುಚ್ಚಿ, ಮಾತು ಬೇಡ, ಗಾಳಿಗೆ ಎದುರಾಗಿ ಹೊರಡಿ. ನಾಯಿ ಇಲ್ಲದವರಿಗೆ ವಿಶಾಲ ಹುಲ್ಲಿನಲ್ಲಿ ಕೆಲಸವಿಲ್ಲ. ಮೂವತ್ತು ನಲವತ್ತು ಅಡಿ ಅಗಲದ ಪಟ್ಟಿ ಆರಿಸಿ: ಬೇಲಿಸಾಲು, ಹಳ್ಳದ ದಂಡೆ, ಹೊಲದ ಮೂಲೆಯಲ್ಲಿ ಉಳಿದ ಹುಲ್ಲು. ನೇರ ನಡೆಯದೆ ಅಡ್ಡಡ್ಡ ನಡೆಯಿರಿ, ಇಪ್ಪತ್ತು ಹೆಜ್ಜೆಗೊಮ್ಮೆ ಪೂರಾ ನಿಂತುಬಿಡಿ, ಮನಸ್ಸಿನಲ್ಲೇ ಮೂವತ್ತರವರೆಗೆ ಎಣಿಸಿ. ನಡೆಯುವ ಸದ್ದಿಗೆ ಅಡಗಿ ಕೂತ ಹುಂಜ ಸದ್ದು ನಿಂತ ಕೂಡಲೇ ತನ್ನನ್ನು ಕಂಡುಬಿಟ್ಟರು ಎಂದು ಗಾಬರಿಬಿದ್ದು ಏಳುತ್ತದೆ. ಪಟ್ಟಿ ಮುಗಿಯುವ ಕೊನೆಯ ಹತ್ತು ಗಜದಲ್ಲಿ ಅವಸರ ಮಾಡಲೇಬೇಡಿ, ಮುಂದೆ ಓಡುತ್ತ ಬಂದದ್ದೆಲ್ಲ ಬಯಲು ಎದುರಾಗಿ ಅಲ್ಲಿಯೇ ಕೂತಿರುತ್ತದೆ. ಇಬ್ಬರಿದ್ದರೆ ಒಬ್ಬರು ಸುತ್ತು ಬಳಸಿ ಹೋಗಿ ಆ ತುದಿಯಲ್ಲಿ ನಿಲ್ಲಬಹುದು. ಆಗ ಹಕ್ಕಿಯ ಹಿಂದೆ ಬರೀ ಆಕಾಶ ಕಂಡರೆ ಮಾತ್ರ ಈಡು. ಇಬ್ಬರೂ ಕಿತ್ತಳೆ ಬಣ್ಣದ ಟೋಪಿ, ಅಂಗಿ ಹಾಕಿ. ಈ ಬೇಟೆಗೆ ಅದು ಕಡ್ಡಾಯವಲ್ಲದಿದ್ದರೂ ಹಾಕದೆ ಹೋಗುವುದು ನನ್ನ ಪ್ರಕಾರ ತಪ್ಪೇ.

ಲಾವಕ್ಕಿಯ ಲೆಕ್ಕ ಬೇರೆ. ಇಲ್ಲಿ ಹೆಚ್ಚಾಗಿ ಇರುವುದು ಬಾಬ್‌ವೈಟ್ ಎಂಬ ಜಾತಿ, ಹತ್ತು ಹದಿನೈದರ ಹಿಂಡು. ನಮ್ಮ ಊರ ಕುರುಚಲು ಕಾಡಿನ ಲಾವಕ್ಕಿಗಳಂತೆಯೇ ಕಾಲಬುಡದಲ್ಲಿ ಒಮ್ಮೆಗೇ ಭರ್ರೆಂದು ಸಿಡಿಯುತ್ತವೆ. ಮುಳ್ಳಿನ ಮರೆ ಬಿಟ್ಟು ಹೆಚ್ಚು ದೂರ ಹೋಗುವುದಿಲ್ಲ. ಮೆಳೆಯಿಂದ ಎಪ್ಪತ್ತು ಎಂಬತ್ತು ಗಜದೊಳಗಿನ ಕಳೆ, ಹುಲ್ಲು, ಕೂಳೆಯ ಅಂಚನ್ನು ನೋಡಿದರೆ ಸಾಕು. ಮೆಳೆಯ ಬುಡ ಬರಿದಾಗಿದ್ದು ಮೇಲೆ ಕೊಡೆಯಂತೆ ದಟ್ಟವಾಗಿರಬೇಕು. ಬುಡದಲ್ಲೇ ಹುಲ್ಲು ಹೆಣೆದುಕೊಂಡಿದ್ದರೆ ಈ ಪುಟ್ಟ ಹಕ್ಕಿಗೆ ಓಡಾಡಲು ಆಗುವುದಿಲ್ಲ. ನೆಲ ನೋಡಿಕೊಂಡೇ ನಡೆಯಿರಿ. ಹಿಂಡು ರಾತ್ರಿ ಬಾಲಗಳನ್ನು ಒಳಗಿಟ್ಟು, ಮುಖ ಹೊರಗಿಟ್ಟು, ದುಂಡಗೆ ಒತ್ತೊತ್ತಾಗಿ ಮಲಗುತ್ತದೆ. ಬೆಳಗ್ಗೆ ಎದ್ದು ಹೋದ ಮೇಲೆ ಊಟದ ತಟ್ಟೆಯಷ್ಟು ಜಾಗದಲ್ಲಿ ಹಿಕ್ಕೆ ಗುಡ್ಡೆಯಾಗಿ ಉಳಿದಿರುತ್ತದೆ. ಅದು ಹಸಿಯಾಗಿದ್ದರೆ ಹಿಂಡು ಹತ್ತಿರದಲ್ಲೇ ಇದೆ. ನವೆಂಬರ್‌ನಲ್ಲಿ ಸೂರ್ಯೋದಯಕ್ಕೆ ಇಪ್ಪತ್ತು ಮೂವತ್ತು ನಿಮಿಷ ಮೊದಲು ಕಿವಿಗೊಟ್ಟು ನಿಂತರೆ ಹಿಂಡಿನ ಸಿಳ್ಳೆಯೂ ಕೇಳುತ್ತದೆ.

ಹಿಂಡು ಸಿಡಿದಾಗ ಗುಂಪಿಗೆ ಹೊಡೆದರೆ ಒಂದೂ ಬೀಳುವುದಿಲ್ಲ, ಒಂದೇ ಹಕ್ಕಿಯನ್ನು ಕಣ್ಣಲ್ಲಿ ಹಿಡಿಯಿರಿ. ಬಿದ್ದ ಜಾಗದಿಂದ ಕಣ್ಣು ತೆಗೆಯದೆ ನೆಟ್ಟಗೆ ಅಲ್ಲಿಗೇ ನಡೆದು ಟೋಪಿ ಕಳಚಿ ಗುರುತಿಡಿ, ಅದರ ಸುತ್ತ ಸುರುಳಿಯಾಗಿ ಹುಡುಕಿ. ನಾಯಿ ಇಲ್ಲದವರು ಎರಡನೇ ಹಕ್ಕಿಗೆ ಆಸೆಪಟ್ಟರೆ ಮೊದಲನೆಯದನ್ನೂ ಕಳೆದುಕೊಳ್ಳುತ್ತಾರೆ. ಗಾಯಗೊಂಡ ಹಕ್ಕಿಯನ್ನು ಹುಲ್ಲಿನಲ್ಲಿ ಬಿಟ್ಟುಬರುವುದು ಈ ಬೇಟೆಯಲ್ಲಿ ಮಾಡಬಾರದ ಕೆಲಸ. ಹಿಂಡಿನಲ್ಲಿ ಏಳೆಂಟೇ ಉಳಿದಿದ್ದರೆ ಬಿಟ್ಟುಬಿಡಿ. ಸಂಜೆಯ ಕೊನೆಯ ಗಂಟೆಯಲ್ಲೂ ಚದುರಿಸಬೇಡಿ. ಕತ್ತಲಾಗುವುದರೊಳಗೆ ಮತ್ತೆ ಕೂಡಿಕೊಳ್ಳದಿದ್ದರೆ ಒತ್ತೊತ್ತಾಗಿ ಮಲಗಲಾರದೆ ಚಳಿಗೆ ಸಾಯಬಹುದು.

ತೋಟೆ: ಫೆಸೆಂಟ್‌ಗೆ ಸೀಸದ ಚರೆಯಾದರೆ 5 ಅಥವಾ 6ನೇ ನಂಬರು, ಲಾವಕ್ಕಿಗೆ ಏಳೂವರೆ ಅಥವಾ 8. ಕೇಂದ್ರದ ವನ್ಯಜೀವಿ ಆಶ್ರಯತಾಣಗಳಲ್ಲೂ ರಾಜ್ಯದ ಕೆಲವು ಪ್ರದೇಶಗಳಲ್ಲೂ ಸೀಸ ನಿಷಿದ್ಧ. ಫೆಸೆಂಟ್‌ಗೆ 3 ಅಥವಾ 4ನೇ ನಂಬರಿನ ಉಕ್ಕಿನ ಚರೆ ಇಟ್ಟುಕೊಂಡರೆ ಎಲ್ಲ ಕಡೆ ನಡೆಯುತ್ತದೆ. 20 ಗೇಜ್ (ಸಣ್ಣ ನಳಿಗೆಯ) ಕೋವಿ ಸಾಕು, ದಿನವಿಡೀ ಹೊರುವುದಕ್ಕೂ ಹಗುರ. ಪಶ್ಚಿಮದಲ್ಲಿ ಹುಲ್ಲುಗಾವಲಿನ ಕೋಳಿ ಎಂಬ ಇನ್ನೊಂದು ಹಕ್ಕಿ ಏಳುತ್ತದೆ. ದುಂಡು ಮೈ, ಗಿಡ್ಡ ಬಾಲ, ಒಟ್ಟಿನಲ್ಲಿ ಫೆಸೆಂಟ್ ಹೇಂಟೆಯ ಬಣ್ಣ. ನೀಳ ಬಾಲ ಕಾಣದಿದ್ದರೆ ಕೋವಿ ಇಳಿಸಿ.

ಹುಂಜ ಸಿಕ್ಕಿದ ಮೇಲೆ ಮನೆ ತಲುಪುವವರೆಗೆ ಕಾಲು, ತಲೆ, ಪುಕ್ಕ ಇವುಗಳಲ್ಲಿ ಒಂದಾದರೂ ಮೈಗೆ ಅಂಟಿರಬೇಕು, ತಪಾಸಣೆಗೆ ನಿಂತವರಿಗೆ ಗಂಡೆಂದು ತೋರಿಸಲು. ಕರುಳನ್ನು ಅಲ್ಲೇ ತೆಗೆಯಿರಿ. ಆಗ ಕುತ್ತಿಗೆಯ ಬುಡದಲ್ಲಿ ಉಬ್ಬಿರುವ ಕಾಳಿನ ಚೀಲವನ್ನು ಚಾಕುವಿನ ತುದಿಯಿಂದ ಸೀಳಿ ಅಂಗೈಗೆ ಸುರಿದುಕೊಳ್ಳಿ. ಕೆಂಪು ಜೋಳ ತುಂಬಿದ್ದರೆ ಮಧ್ಯಾಹ್ನ ಮೂರಕ್ಕೆ ಜೋಳದ ಕೂಳೆಗೆ ತಾಗಿದ ಪಟ್ಟಿಗಳಿಗೆ ಹೋಗಿ. ಬರೀ ಕಳೆಬೀಜ, ಹಸಿ ಗೋಧಿ ಎಲೆ ಇದ್ದರೆ ಜೋಳ ಬಿಟ್ಟು ಗೋಧಿ ಹೊಲದ ಬದುಗಳಲ್ಲಿ ಹುಡುಕಿ.