ಮೆಣಸಿನ ಗಿಡದ ಹೂವು ಉದುರ್ತಿದ್ರೆ ಮೊದಲು ಯೂರಿಯಾ ನಿಲ್ಲಿಸಿ

ಗಿಡ ಸೊಂಟದೆತ್ತರ ಬೆಳೆದಿದೆ, ಹೂವೆಲ್ಲ ಉದುರ್ತಿದೆ, ಹದಿನೈದು ದಿನಕ್ಕೊಮ್ಮೆ ಯೂರಿಯಾ ಹಾಕ್ತೀನಿ ಅಂದಿದ್ದೀರಿ. ಬಹುಶಃ ಅದೇ ಕಾರಣ. ಯೂರಿಯಾದಲ್ಲಿರೋ ಸಾರಜನಕ ಜಾಸ್ತಿಯಾದ್ರೆ ಗಿಡ ಸುಮ್ನೆ ಎಲೆ ಬಿಡುತ್ತಾ ಹೋಗುತ್ತದೆ, ಕಾಯಿ ಕಚ್ಚುವುದಿಲ್ಲ. ಸಾಲದ್ದಕ್ಕೆ ಕುಂಡ ಇರೋದು ಜಗಲಿಯಲ್ಲಿ, ತೀರ್ಥಹಳ್ಳಿ ಮಳೆಗಾಲದಲ್ಲಿ ಅಲ್ಲಿಗೆ ಬಿಸಿಲೆಲ್ಲಿಂದ ಬರಬೇಕು?

ಯೂರಿಯಾ ಪೂರ್ತಿ ನಿಲ್ಲಿಸಿ. ಕುಂಡವನ್ನು ಅಂಗಳಕ್ಕೆ ತನ್ನಿ, ದಿನಕ್ಕೆ 6 ಗಂಟೆಯಾದರೂ ಬೆಳಕು ಬೀಳಲಿ, ಆದ್ರೆ ಜಡಿಮಳೆ ನೇರ ಹೂವಿಗೆ ಬಡಿದ್ರೆ ಪರಾಗ ತೊಳೆದುಹೋಗುತ್ತದೆ, ಹಾಗಾಗಿ ಮೇಲೊಂದು ಬಿಳಿ ಪ್ಲಾಸ್ಟಿಕ್ ಹಾಳೆ ಕಟ್ಟಿ. ಬೆರಳನ್ನು ಒಂದು ಗೆಣ್ಣಿನಷ್ಟು ಮಣ್ಣಿಗೆ ಚುಚ್ಚಿ ನೋಡಿ, ಒಣಗಿದ್ರೆ ಮಾತ್ರ ನೀರು. ಬಚ್ಚಲೊಲೆಯ ಬೂದಿ ಒಂದು ಸಣ್ಣ ಹಿಡಿ ಬುಡದಿಂದ ಸ್ವಲ್ಪ ದೂರಕ್ಕೆ ಉದುರಿಸಿ, ತಿಂಗಳಿಗೆ ಒಂದೇ ಸಲ.

ಬೆಳಿಗ್ಗೆ ಹತ್ತರ ಹೊತ್ತಿಗೆ ಹೂವಿನ ಕೊಂಬೆಯನ್ನು ಬೆರಳಲ್ಲಿ ಮೆಲ್ಲಗೆ ತಟ್ಟಿ. ಮೆಣಸು ತನ್ನದೇ ಪರಾಗದಿಂದ ಕಾಯಿ ಕಟ್ಟುತ್ತದೆ, ಅಷ್ಟು ಅಲುಗಾಟ ಸಾಕು.

ಎಲೆ ಮುದುಡಿದೆಯಾ ಅಂತ ನೀವು ಬರೆದಿಲ್ಲ. ದೋಣಿಯ ಹಾಗೆ ಮೇಲಕ್ಕೆ ಮುದುಡಿದ್ರೆ ಅದು ಥ್ರಿಪ್ಸ್ ಅನ್ನೋ ರಸ ಹೀರುವ ಸಣ್ಣ ಕೀಟದ ಕಾಟ ಇರಬಹುದು, ಲೀಟರ್ ನೀರಿಗೆ 5 ಮಿಲಿ ಬೇವಿನೆಣ್ಣೆ, ನಾಲ್ಕು ಹನಿ ಸೋಪಿನ ನೀರು ಸೇರಿಸಿ ಸಂಜೆ ಎಲೆಯ ಅಡಿಭಾಗಕ್ಕೂ ಸಿಂಪಡಿಸಿ.